ಸ್ಪಷ್ಟನೆ: ‘30 ಪರ್ಸೆಂಟ್ ಬದಲಿಸಿದರೆ ಡಿಸೈನ್ ನಿಮ್ಮದು’ ಎಂಬುದು ತಪ್ಪು

ಕಸೂತಿ, ಕ್ರೋಶ (ಕೊಕ್ಕೆಸೂಜಿಯ ಹೆಣಿಗೆ) ಮಾಡಿ ಮಾರುವವರ ನಡುವೆ ಒಂದು ಮೆಸೇಜ್ ಓಡಾಡುತ್ತಿದೆ: ‘ಬೇರೆಯವರ ಡಿಸೈನನ್ನು 30 ಪರ್ಸೆಂಟ್ ಬದಲಿಸಿದರೆ ಸಾಕು, ಅದು ನಿಮ್ಮದೇ, ಧೈರ್ಯವಾಗಿ ಮಾರಿ.’ ನಾನೂ ಇದನ್ನು ನಂಬಿ ನಾಲ್ಕಾರು ಜನರಿಗೆ ಕಳಿಸಿದ್ದೆ. ತಪ್ಪಾಯಿತು.

ಕಾಪಿರೈಟ್ ಕಾನೂನಿನಲ್ಲಿ ಇಂಥ ಪರ್ಸೆಂಟ್ ಲೆಕ್ಕವೇ ಇಲ್ಲ. ಎಷ್ಟು ಬದಲಿಸಿದಿರಿ ಎಂಬುದಕ್ಕಿಂತ, ಮೂಲದ ಮುಖ್ಯ ಭಾಗವನ್ನು ಎತ್ತಿಕೊಂಡಿದ್ದೀರಾ ಎಂಬುದನ್ನು ನೋಡುತ್ತಾರೆ. ಬೇರೊಬ್ಬರು ಮಾಡಿದ, ಕೊಂಬೆಯ ಮೇಲೆ ಕೂತ ಹಕ್ಕಿಯ ಡಿಸೈನೊಂದಕ್ಕೆ ನಾನು ದಾರದ ಬಣ್ಣ ಬದಲಿಸಿ, ಎಡಕ್ಕಿದ್ದ ಮುಖವನ್ನು ಬಲಕ್ಕೆ ತಿರುಗಿಸಿ, ಎರಡು ಎಲೆ ಸೇರಿಸಿದ್ದೆ. ಮೂಲದ ಪಕ್ಕ ಇಟ್ಟು ನೋಡಿದರೆ ಅದೇ ಹಕ್ಕಿ, ರೆಕ್ಕೆಯ ಒಂದೊಂದು ಬಾಗೂ ಅವರದೇ. ಮಾರುವುದನ್ನು ಬಿಟ್ಟೆ.

‘ಕಾಪಿರೈಟ್ ಗುರುತಿಲ್ಲದಿದ್ದರೆ (©) ಯಾರು ಬೇಕಾದರೂ ಬಳಸಬಹುದು’ ಎಂಬ ಮಾತೂ ಸರಿಯಲ್ಲ. ಕಾಪಿರೈಟ್ ಬಗ್ಗೆ ಹಲವು ದೇಶಗಳು ಮಾಡಿಕೊಂಡ, 1908ರಲ್ಲಿ ತಿದ್ದಿದ ಬರ್ನ್ ಒಪ್ಪಂದದಿಂದಲೇ, ಗುರುತು, ನೋಂದಣಿ ಯಾವುದೂ ಇಲ್ಲದೆ ಹಕ್ಕು ತಾನಾಗಿ ಬರುತ್ತದೆ.

ಹಾಗಂತ ಸೂಜಿ ಕೆಳಗಿಡಬೇಕಿಲ್ಲ. ಸರಪಳಿ ಹೊಲಿಗೆ, ಗಂಟು ಹೊಲಿಗೆ, ಕ್ರಾಸ್ ಸ್ಟಿಚ್ ಯಾರ ಸ್ವತ್ತೂ ಅಲ್ಲ. ಎಷ್ಟೋ ಪ್ಯಾಟರ್ನ್‌ಗಳಲ್ಲಿ ‘ಮಾಡಿ ಮಾರಬಹುದು’ ಎಂದೇ ಬರೆದಿರುತ್ತಾರೆ, ಇಲ್ಲದಿದ್ದರೆ ಡಿಸೈನ್ ಮಾಡಿದವರನ್ನೇ ಒಂದು ಮಾತು ಕೇಳಿ.

ದಯವಿಟ್ಟು ಆ ಮೆಸೇಜನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಜಾಗಕ್ಕೆ ಇದನ್ನೂ ಹಾಕಿ.