ಪೇಪರ್‌ದಾಗ ಸುಳ್ಳು ಸುದ್ದಿ ಬಂದ್ರ ಎಲ್ಲಿಗಿ ಹೋಗ್ಬೇಕ್ರಿ?

ಕಲಬುರಗಿ ಸೂಪರ್ ಮಾರ್ಕೆಟ್‌ದಾಗ ನಿಂತು ಕೇಳಿ ನೋಡ್ರಿ, ನಿಮ್ಮ ಬಗ್ಗೆ ಪೇಪರ್‌ದಾಗ ಸುಳ್ಳು ಬರದ್ರ ಯಾರಿಗಿ ಹೇಳ್ತೀರಿ ಅಂತ. ಪೊಲೀಸ್ ಸ್ಟೇಷನ್ ಅಂತಾರ, ಡಿಸಿ ಆಫೀಸ್ ಅಂತಾರ, ಭಾಳ ಮಂದಿ "ಬಿಡ್ರಿ, ಪೇಪರ್‌ನವರ ಜೋಡಿ ಯಾಕ ಹಗೆ" ಅಂದು ಮುಂದ ಹೋಗ್ತಾರ. ಪೇಪರ್‌ಗಳ ಮ್ಯಾಲಿನ ದೂರು ಕೇಳ್ಲಿಕ್ಕಿ ದಿಲ್ಲಿದಾಗ ಪ್ರೆಸ್ ಕೌನ್ಸಿಲ್ ಅಂತ ಒಂದು ಸಂಸ್ಥೆ ಅದ, ಅಲ್ಲಿ ಫೀ ಇಲ್ದೆ, ವಕೀಲರಿಲ್ದೆ ದೂರು ಕೊಡಬಹುದು ಅಂತ ಹೇಳೋರು ಸಿಗೂದಿಲ್ಲ.

ನಮ್ಮ ಓಣಿ ಹುಡುಗನ ಫೋಟೊ ಕಳ್ಳತನದ ಸುದ್ದಿ ಜೋಡಿ ಬಂತು, ಹೆಸರು ಒಂದೇ, ಮನುಷ್ಯಾ ಬ್ಯಾರೆ. ಅವರ ಮನ್ಯಾಗ ಅಕ್ಕನ ಮದುವಿ ಮಾತುಕತಿ ನಡ್ದಿತ್ತು, ಬೀದರ್ ಕಡಿ ಬೀಗರು ವಾಟ್ಸಾಪ್‌ದಾಗ ಕಟಿಂಗ್ ನೋಡಿ ಫೋನ್ ಎತ್ತೂದೇ ಬಿಟ್ರು. ವಕೀಲರು ಮಾನನಷ್ಟ ಕೇಸ್ ಹಾಕ್ರಿ ಅಂದ್ರು, ಖರ್ಚು ಕೇಳಿ ಅವರಪ್ಪ ಸುಮ್ಮನಾದ್ರು. ಕೌನ್ಸಿಲ್ ಹೆಸರು ಅವರ ಕಿವಿಗಿ ಬೀಳೂದ್ರಾಗ ಗಡುವೇ ದಾಟಿತ್ತು. ದಿನಪತ್ರಿಕೆ, ವಾರಪತ್ರಿಕೆ ಆದ್ರ ಎರಡು ತಿಂಗಳದಾಗ ದೂರು ಹೋಗ್ಬೇಕು, ಅದಕ್ಕೂ ಮೊದ್ಲು ಸಂಪಾದಕರಿಗೆ ಪತ್ರ ಬರ್ದಿರ್ಬೇಕು. ತಡ ಆದ್ರ ಅಧ್ಯಕ್ಷರು ಮನ್ನಾ ಮಾಡಬಹುದು, ಆದ್ರ ಇಂಥಾದ್ದೊಂದು ಅದ ಅಂತ ನಮಗ ಗೊತ್ತೇ ಇರ್ಲಿಲ್ಲ ಅಂದ್ರ ಅದು ಕಾರಣ ಆಗ್ತದೇನು?

ಈ ಕೌನ್ಸಿಲ್ ನಿನ್ನೆ ಮೊನ್ನೆದಲ್ಲ, 1966ರಾಗ ಶುರುವಾಗಿದ್ದು, ಎಮರ್ಜೆನ್ಸಿದಾಗ ಬಂದ್ ಮಾಡಿದ್ರು, ಮುಂದ 1978ರ ಕಾಯ್ದೆ ತಂದು ಮತ್ತ ಕಟ್ಟಿದ್ರು. ದಂಡ ಹಾಕೋ ಅಧಿಕಾರ ಇಲ್ಲ, ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು, ಅಷ್ಟೇ. ಅಷ್ಟಾದ್ರೂ ಆ ಹುಡುಗನ ಮನಿಯವರಿಗಿ ಬೀಗರ ಮುಂದ ಹಿಡಿಲಿಕ್ಕಿ ಒಂದು ಕಾಗದ ಆಗ್ತಿತ್ತಲ್ರಿ.

ಇನ್ನ ರೊಕ್ಕದ ಮಾತು. ಕೌನ್ಸಿಲ್‌ಗ ಹಣ ಬರೂದು ಎರಡು ಕಡಿಂದ, ಪತ್ರಿಕೆಗಳು ಮತ್ತ ಸುದ್ದಿ ಸಂಸ್ಥೆಗಳು ಕಟ್ಟೋ ಫೀ, ಇನ್ನೊಂದು ಕೇಂದ್ರ ಸರ್ಕಾರದ ಅನುದಾನ. 5000ಕ್ಕಿಂತ ಕಡಿಮಿ ಪ್ರಸಾರ ಇರೋ ಪತ್ರಿಕೆಗಳಿಗಿ ಫೀ ಮಾಫಿ, ಅದು ಬರೋಬರಿ ಅದ, ನಮ್ಮ ಭಾಗದ ಸಣ್ಣ ಕನ್ನಡ, ಉರ್ದು ಪೇಪರ್‌ಗಳು ಬದುಕಬೇಕಲ್ಲ. ನನಗ ಚಿಂತಿ ಅನುದಾನದ್ದು. ವರದಿಗಾರರ ಮ್ಯಾಲ ಅಧಿಕಾರಿಗಳು ದಬ್ಬಾಳಿಕಿ ಮಾಡಿದ್ರ ಆ ದೂರೂ ಇದೇ ಕೌನ್ಸಿಲ್ ಕೇಳ್ತದ, ಹಂಗಿದ್ದಾಗ ಅದರ ಖರ್ಚು ಸರ್ಕಾರದ ಕೈಯಾಗ ಇರಬಾರ್ದು. ನಾಕೈದು ವರ್ಷದ ಹಣ ಒಮ್ಮೆಗೇ ಸಂಸತ್ತು ಮಂಜೂರು ಮಾಡ್ಲಿ, ನಡುವ ಯಾರೂ ಕೈ ಹಾಕದಂಗ ಇರ್ಲಿ.

ಆ ಹಣದಾಗ ಒಂದು ಪಾಲು ಜನರಿಗಿ ತಿಳಿಸ್ಲಿಕ್ಕೇ ಇಡ್ಬೇಕು. ಕನ್ನಡ ಕಟಿಂಗ್ ಕಳಿಸಿದ್ರ ಜೋಡಿ ಇಂಗ್ಲಿಷ್ ಅನುವಾದ ಬೇಕಂತ, ಯಾದಗಿರಿ ಹಳ್ಳ್ಯಾಗಿನ ರೈತ ಎಲ್ಲಿಂದ ತರ್ತಾನ್ರಿ, ಆ ಖರ್ಚು ಕೌನ್ಸಿಲ್ಲೇ ಹೊರಬೇಕು. ವಿಚಾರಣಾ ಸಮಿತಿ ದಿಲ್ಲಿ ಬಿಟ್ಟು ಬ್ಯಾರೆ ಊರಾಗೂ ಕೂಡ್ತದ, ಹೈಕೋರ್ಟ್ ಪೀಠ ಇರೋ ಕಲಬುರಗಿಗಿ ಯಾಕ ಬರಬಾರ್ದು?

ಟಿವಿಗಿ ಈ ಕೌನ್ಸಿಲ್ ಅನ್ವಯಿಸೂದಿಲ್ಲ, ಚಾನೆಲ್‌ನವರ ಒಕ್ಕೂಟದ್ದೇ ಬ್ಯಾರೆ ವ್ಯವಸ್ಥಾ ಅದ, 2023ರಾಗ ಅಲ್ಲಿ ಹೆಚ್ಚಂದ್ರ ಒಂದು ಲಕ್ಷ ದಂಡ ಇತ್ತು. ಇದು ಸಾಕೇನು ಅಂತ ಆಗ ಸುಪ್ರೀಂ ಕೋರ್ಟೇ ಕೇಳಿತ್ತು.

ಪೇಪರ್‌ನವರಿಗಿ ನನ್ನ ಬೇಡಿಕಿ ಒಂದೇ. ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರು ಅಂತ ದಿನಾ ಕೆಳಗ ಸಣ್ಣ ಅಕ್ಷರದಾಗ ಹಾಕ್ತೀರಲ್ಲ, ಅದರ ಪಕ್ಕಕ್ಕ ಇನ್ನೊಂದು ಸಾಲು ಹಾಕ್ರಿ: ಸುದ್ದಿ ಬಗ್ಗೆ ತಕರಾರಿದ್ರ ಮೊದ್ಲು ಸಂಪಾದಕರಿಗೆ ಬರೀರಿ, ಸರಿಹೋಗದಿದ್ರ ಎರಡು ತಿಂಗಳದಾಗ ಪ್ರೆಸ್ ಕೌನ್ಸಿಲ್‌ಗ ಬರೀರಿ, ವಿಳಾಸ ಇದು. ಇದಕ್ಕ ದಿಲ್ಲಿ ಅನುದಾನ ಬೇಕಿಲ್ಲ, ನಾಳಿ ಪೇಪರ್‌ದಾಗೇ ಹಾಕಬಹುದು.