ಇನ್ನೂ ಚಿತ್ರಾ ತಗದಿಲ್ಲೇನ್ರೀ?

ವಿಜಯಪುರದ ಮನೆಯೊಂದರ ಪಡಸಾಲೆಯಲ್ಲಿ ಬರೀ ಬಿಳಿ ಬಳಿದ ಎರಡಡಿ ಚೌಕದ ಕ್ಯಾನ್ವಾಸ್ ತೂಗುಹಾಕಿ ನೋಡಿ. ಬಂದವರ ಮೊದಲ ಪ್ರಶ್ನೆ: "ಇನ್ನೂ ಚಿತ್ರಾ ತಗದಿಲ್ಲೇನ್ರೀ?" ನಾಲ್ಕನೇ ದಿನಕ್ಕೆ ಅದೇ ಮೊಳೆಗೆ ಕ್ಯಾಲೆಂಡರ್ ಬಂದಿರುತ್ತದೆ.

ಅಮೆರಿಕದ ಚಿತ್ರಕಾರ ರಾಬರ್ಟ್ ರೈಮನ್ ಸುಮಾರು ಐವತ್ತು ವರ್ಷ ಈ ಬಿಳಿಯನ್ನೇ ಬಳಿದರು. ಸ್ಯಾಕ್ಸೊಫೋನ್ ನುಡಿಸಲೆಂದು ನ್ಯೂಯಾರ್ಕಿಗೆ ಬಂದವರು 1953ರಿಂದ 1960ರವರೆಗೆ ಅಲ್ಲಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಕಾವಲುಗಾರರಾಗಿದ್ದರು. ದಿನವಿಡೀ ಗೋಡೆ ಕಾಯುವ ಕೆಲಸ. ಫಲ ಕೊಡದೆ ಇದ್ದೀತೆ? ತಮ್ಮದು ಅಮೂರ್ತವಲ್ಲ, ವಾಸ್ತವ ಎನ್ನುತ್ತಿದ್ದರು. ಸರಿಯಾದ ಮಾತೇ. ಇಂಡಿ ನಿಂಬೆಹಣ್ಣಿನ ಚಿತ್ರವನ್ನು ಎಷ್ಟು ಹಿಂಡಿದರೂ ಹನಿ ರಸ ಬರುವುದಿಲ್ಲ. ಇಲ್ಲಿ ಬಣ್ಣ ಬಣ್ಣವೇ, ಚಿತ್ರವನ್ನು ಗೋಡೆಗೆ ಬಿಗಿದ ಬೋಲ್ಟು ಬೋಲ್ಟೇ, ಮೇಲೆ ಬಿದ್ದ ಬಿಸಿಲು ನಿಜದ ಬಿಸಿಲು.

ಸುಣ್ಣ ಬಳಿದವರಿಗೆ ಇದು ಬೇಗ ತಿಳಿಯುತ್ತದೆ. ಹಸಿ ಸುಣ್ಣ ಗೋಡೆಯ ಮೇಲೆ ಬರೀ ನೀರಿನಂತೆ ಕಾಣುತ್ತದೆ, ಒಣಗಿದ ಮೇಲಷ್ಟೇ ಬೆಳ್ಳಗಾಗುತ್ತದೆ. ತಾಳ್ಮೆಗೆಟ್ಟು ದಪ್ಪಗೆ ಬಳಿದರೆ ಹಕ್ಕಳೆ ಎದ್ದು, ಒರಗಿ ಕೂತವರ ಅಂಗಿಯ ಬೆನ್ನಿಗೆ ಹೋಗುತ್ತದೆ.

ಕ್ಯಾನ್ವಾಸಿನ ತಕರಾರು ಬೇರೆ. ಮೊದಲು ಜೆಸ್ಸೊ, ಅಂದರೆ ಬಣ್ಣ ಹಿಡಿಯಲೆಂದು ಬಳಿಯುವ ಬಿಳಿ ಅಸ್ತರು, ಎರಡು ಕೈ, ನಡುವೆ 220 ನಂಬರಿನ ಪಾಲಿಶ್ ಪೇಪರ್. ಮೇಲೆ ಟೈಟೇನಿಯಂ ವೈಟ್. ಎಣ್ಣೆಬಣ್ಣದ ಜಿಂಕ್ ವೈಟ್ ಒಣಗಿದ ಮೇಲೆ ಗಡುಸಾಗಿ ಬಿರುಕು ಬಿಡುತ್ತದೆ. ಎಣ್ಣೆಬಣ್ಣದೊಳಗಿನ ಅಗಸೆ ಎಣ್ಣೆ ಕತ್ತಲಲ್ಲಿ ಹಳದಿಗೆ ತಿರುಗುವುದರಿಂದ, ಜೋಪಾನ ಮಾಡುತ್ತೇವೆಂದು ಅಟ್ಟಕ್ಕೆ ಹಾಕಿದರೆ ಇಳಿಸುವಾಗ ಬೆಣ್ಣೆಯ ಬಣ್ಣ. ಏಪ್ರಿಲ್ ಬಿಸಿಲಲ್ಲಿ ನೀರು ಬೆರೆಸುವ ಅಕ್ರಿಲಿಕ್ ಬಣ್ಣ ನೋಡನೋಡುತ್ತಲೇ ಕೆನೆಗಟ್ಟುತ್ತದೆ. ಅದರ ಮೇಲೆ ಮತ್ತೆ ಬ್ರಷ್ ಎಳೆದರೆ ಕೆನೆ ಕಿತ್ತು ಬರುತ್ತದೆ. ಅಂಚಿನ ಮಾಸ್ಕಿಂಗ್ ಟೇಪನ್ನು ಬಣ್ಣ ಹಸಿಯಿರುವಾಗಲೇ ಹಿಂದಕ್ಕೆ ಮಡಚಿ ಬಿಡಿಸಬೇಕು. ವಾರ ಬಿಟ್ಟರೆ ಟೇಪು ಬಂದರೂ ಅಂಟು ಅಲ್ಲೇ ಉಳಿಯುತ್ತದೆ.

ಎದುರಿನ ಗೋಡೆ ಗಿಳಿಹಸಿರಾದರೆ ನಿಮ್ಮ ಬಿಳಿ ಮಾವಿನಮಿಡಿಯ ಬಣ್ಣ ತಾಳುತ್ತದೆ. ನೇರ ಬೆಳಕಿನಲ್ಲಿ ಬ್ರಷ್ ಗೆರೆ ಮಾಯ. ಕಿಟಕಿಯ ಓರೆ ಬಿಸಿಲು ಬಿದ್ದಾಗ ಒಂದೊಂದು ಎಳೆಗೂ ನೆರಳಿರುತ್ತದೆ. ತೂಗುಹಾಕುವ ಜಾಗ ಹುಡುಕಬೇಕಾದದ್ದು ಇದಕ್ಕೇ, ಸೋಫಾದ ನಡುಮಧ್ಯ ಅಳೆದು ಅಲ್ಲ.

ಇನ್ನು ಧೂಳು. ಒಣಗಿದ ಮೆತ್ತನೆಯ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ಝಾಡಿಸಬೇಕು. ಆದರೆ ಮನೆಯಲ್ಲಿ ಯಾರಾದರೂ ಒದ್ದೆ ಬಟ್ಟೆ ತಂದೇ ತರುತ್ತಾರೆ, ಮತ್ತು ಬಿಳಿ ಚೌಕದ ಮೇಲೆ ಎರಿ ಹೊಲದ ಸಾಲುಗಳು ಮೂಡುತ್ತವೆ. ಆಗ ನೆರೆಮನೆಯ ಕಾಕಾ ಚಷ್ಮಾ ಸರಿಮಾಡಿಕೊಂಡು ಹತ್ತಿರ ಬರುತ್ತಾರೆ:

"ಹಾಂ, ಈಗ ಚಿತ್ರಾ ಆತ್ ನೋಡ್ರಿ."