ನೀರಿಗೇನೂ ಬರ ಇಲ್ಲ ಮೇಡಂ

ಕಾಲು ಬಂತು, ಬೂಟು ಬರ್ಲಿಲ್ಲ.

ಸೆಪ್ಟೆಂಬರ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಎಂಟು ಗಂಟೆ, ಸರ್ಜಾಪುರದ ಕಡೆ ಒಂದು ಕೆರೆ ಏರಿ ಕೆಳಗೆ ನಾನು ಬಾಡಿಗೆಗೆ ತಗೊಂಡಿರೋ 600 ಚದರಡಿ ತೋಟದ ನಟ್ಟನಡುವೆ, ಬಲಗಾಲು ಕೆಸರಲ್ಲಿ ಹೂತ್ಕೊಂಡು, ಎಡಗಾಲು ಬರೀ ಸಾಕ್ಸ್‌ನಲ್ಲಿ ಮೇಲೆತ್ಕೊಂಡು, ಎರಡೂ ಕೈ ಚಾಚಿ ಕೊಕ್ಕರೆ ತರ ನಿಂತಿದ್ದೆ. ಏರಿ ಮೇಲೆ ನಿಜವಾದ ಕೊಕ್ಕರೆನೂ ಒಂದಿತ್ತು. ಅದು ಒಂದು ಸಲ ನನ್ನ ಕಡೆ ನೋಡಿ, ಇದ್ಯಾವ ತಳಿನಪ್ಪಾ ಅಂತ ಕತ್ತು ಓರೆ ಮಾಡಿ, ಆಮೇಲೆ ಮರ್ಯಾದೆಗೆ ಬೇರೆ ಕಡೆ ತಿರುಗ್ಕೊಂಡ್ತು. ಪಕ್ಕದ ಪ್ಲಾಟಿನ ರಿಟೈರ್ಡ್ ಮೇಷ್ಟ್ರು ಮಾತ್ರ ತಿರುಗ್ಕೊಳ್ಲಿಲ್ಲ. "ಮೇಡಂ, ಅಲುಗಾಡ್ಬೇಡಿ, ಅಲುಗಾಡಿದಷ್ಟೂ ಇಳೀತೀರ" ಅಂದ್ರು, ಅಂದು ಅಲ್ಲೇ ಸ್ಟೂಲ್ ಹಾಕ್ಕೊಂಡು ಕೂತ್ರು.

ಇದೆಲ್ಲ ಶುರುವಾಗಿದ್ದು ಮೇ ತಿಂಗಳಲ್ಲಿ. ಜೆ.ಪಿ. ನಗರದಲ್ಲಿ ಎರಡನೇ ಮಹಡಿ ಮನೆ ನಮ್ದು, ಬಾಲ್ಕನಿಯಲ್ಲಿ ಒಂದು ತುಳಸಿ, ಎರಡು ಕುಂಡ ದೊಡ್ಡಪತ್ರೆ, ಅಷ್ಟೇ ನನ್ನ ಕೃಷಿ. ಅಷ್ಟಕ್ಕೇ ನನ್ನ ಕೈಗುಣ ಚೆನ್ನಾಗಿದೆ ಅಂತ ಯಾರೋ ಅಂದ್ರು, ನಾನೂ ನಂಬ್ಬಿಟ್ಟೆ. ದೊಡ್ಡಪತ್ರೆನ ಕಿತ್ತು ಬಿಸಾಕಿದ್ರೂ ಅದು ಬೆಳೆಯುತ್ತೆ ಅಂತ ಆಗ ಯಾರೂ ಹೇಳ್ಲಿಲ್ಲ. ತೋಟ ನೋಡೋಕೆ ಹೋದಾಗ ನೆಲ ಕಲ್ಲಿನಂಗೆ ಒಣಗಿತ್ತು, ಬೆರಳು ತೂರಿಸ್ಬಹುದಾದಷ್ಟು ಅಗಲ ಬಿರುಕು. ಅಯ್ಯೋ ಪಾಪ ಭೂಮಿ ಬಾಯಾರಿದೆ ಅನ್ನಿಸ್ತು. ಅಂಥ ಬಿರುಕು ಬಿಟ್ಟಿದೆ ಅಂದ್ರೆ ಅದು ಜಿಗಟು ಮಣ್ಣು, ಮಳೆ ಬಂದ್ರೆ ಊದ್ಕೊಂಡು ಒಂದು ಹನಿನೂ ಕೆಳಗೆ ಬಿಡಲ್ಲ ಅಂತ ಈಗ ಗೊತ್ತು. ಆಗ ನಾನು ಕೇಳಿದ್ದು ಒಂದೇ ಪ್ರಶ್ನೆ, "ಇಲ್ಲಿ ನೀರಿಗೇನು ತೊಂದ್ರೆ ಇಲ್ವಾ?" ಪ್ಲಾಟ್ ತೋರಿಸ್ತಿದ್ದ ಹುಡುಗ ಎದೆ ಮುಟ್ಕೊಂಡು ಹೇಳ್ದ, "ನೀರಿಗೇನೂ ಬರ ಇಲ್ಲ ಮೇಡಂ." ಆ ಹುಡುಗನ್ನ ನಾನು ಬೈಯೋಕಾಗಲ್ಲ. ನನ್ನ ಇಷ್ಟು ವರ್ಷದ ಬೆಂಗಳೂರು ಬಾಡಿಗೆ ಜೀವನದಲ್ಲಿ ಇಷ್ಟು ನಿಜ ಮಾತನ್ನ ಯಾರೂ ಆಡಿರ್ಲಿಲ್ಲ.

ಆಗಸ್ಟಲ್ಲಿ ಟೊಮೇಟೊ, ಮೆಣಸಿನಕಾಯಿ, ಬೀನ್ಸ್ ಹಾಕಿದ್ವಿ. ಚೆನ್ನಾಗೇ ಎದ್ವು. ಫೋಟೋ ಹಾಕಿದ್ದೂ ಆಯ್ತು, ನಾದಿನಿ "ನಮಗೂ ಒಂದು ಬುಟ್ಟಿ ಕಳ್ಸು" ಅಂದಿದ್ದೂ ಆಯ್ತು. ಆಮೇಲೆ ಉತ್ತರೆ ಮಳೆ ಹಿಡೀತು. ಬೆಂಗಳೂರಲ್ಲಿ ಜೂನ್ ಜುಲೈ ಮಳೆ ಬರೀ ಟ್ರೇಲರ್ರು, ವರ್ಷದಲ್ಲಿ ಜಾಸ್ತಿ ಸುರಿಯೋದು ಸೆಪ್ಟೆಂಬರಲ್ಲೇ, ಅದು ಮುಗೀತು ಅನ್ನೋಷ್ಟರಲ್ಲಿ ಹಿಂಗಾರು ಬಂದು ಕೂರುತ್ತೆ. ಒಂದು ವಾರ ಬಿಟ್ಟು ಹೋಗಿ ನೋಡ್ತೀನಿ, ಗಿಡಗಳೆಲ್ಲ ಎಲೆ ಜೋಲು ಹಾಕ್ಕೊಂಡು ನಿಂತಿದಾವೆ. ಗಿಡ ಬಾಡಿದ್ರೆ ಏನ್ ಮಾಡ್ಬೇಕು? ನೀರು ಹಾಕ್ಬೇಕು. ಕೊಡೆ ಹಿಡ್ಕೊಂಡು, ಗಂಬೂಟ್ ಹಾಕ್ಕೊಂಡು, ಕ್ಯಾನ್ ತಗೊಂಡು ಒಂದೊಂದು ಗಿಡಕ್ಕೂ ನೀರು ಹಾಕ್ದೆ. ನಗ್ಬೇಡಿ. ಅವು ಬಾಡಿದ್ದು ನೀರಿಲ್ದೆ ಅಲ್ಲ, ಉಸಿರಿಲ್ದೆ. ಬೇರಿಗೂ ಆಮ್ಲಜನಕ ಬೇಕು, ಮಣ್ಣಿನ ಸಂದಿಯಲ್ಲಿ ಗಾಳಿ ಇರ್ಬೇಕಾದ ಜಾಗದಲ್ಲೆಲ್ಲ ನೀರು ತುಂಬಿದ್ರೆ ಆಮ್ಲಜನಕ ಒಳಗೆ ಹೋಗೋ ವೇಗ 10,000 ಪಟ್ಟು ಕಮ್ಮಿ ಆಗ್ಬಿಡುತ್ತೆ. ಬೇರು ಸುಸ್ತಾದ್ರೆ ಸುತ್ತ ನೀರಿದ್ರೂ ಎಳ್ಕೊಳ್ಳೋ ಶಕ್ತಿ ಇರಲ್ಲ, ಅದಕ್ಕೇ ಮೇಲೆ ನೋಡೋರಿಗೆ ಬಾಯಾರಿದಂಗೆ ಕಾಣುತ್ತೆ. ನಾನು ಮಾಡಿದ್ದು ಕೆರೆಗೆ ಬಿದ್ದೋನಿಗೆ ಮಜ್ಜಿಗೆ ಕುಡಿಸಿದಂಗೆ. ಆ ಬೂಟು ಹೂತ್ಕೊಂಡಿದ್ದೂ ಅದೇ ದಿನ, ಕೊನೇ ಗಿಡಕ್ಕೆ ಕ್ಯಾನ್ ಬಗ್ಗಿಸೋವಾಗ. ಮೇಷ್ಟ್ರು ಕೊನೆಗೂ ಹಲಗೆ ತಂದು ಹಾಕಿದ್ರು, ಬೂಟು ಈಚೆ ಬಂತು, ಅದರ ಜೊತೆ ಕೊಳೆತ ಮೊಟ್ಟೆ ವಾಸನೆನೂ ಬಂತು. ಗಾಳಿ ಇಲ್ದಿರೋ ಮಣ್ಣಿಗೆ ಆ ವಾಸನೆ ಬರುತ್ತಂತೆ. ಕಾರಲ್ಲಿ ಯಜಮಾನ್ರು ಏನೂ ಮಾತಾಡ್ದೆ ನಾಲ್ಕೂ ಗ್ಲಾಸ್ ಇಳಿಸಿದ್ರು, ಸಿಲ್ಕ್ ಬೋರ್ಡ್ ಜಂಕ್ಷನ್ನಲ್ಲಿ ಗ್ಲಾಸ್ ಇಳಿಸ್ಕೊಂಡು ನಿಂತ ಮೊದಲನೇ ಮನುಷ್ಯ ಅವರೇ ಇರ್ಬೇಕು.

ಸರಿ, ಮಣ್ಣು ಸುಧಾರಿಸ್ಬೇಕು ಅಂತ ಹೊರಟೆ. ಜಿಗಟು ಮಣ್ಣಿಗೆ ಏನು ಬೆರೆಸ್ಬೇಕು? ಮರಳು! ಇದು ನನ್ನ ಸ್ವಂತ ಬುದ್ಧಿ, ಯಾರನ್ನೂ ಕೇಳ್ಲಿಲ್ಲ. ಮನೆ ಪಕ್ಕ ಬಿಲ್ಡಿಂಗ್ ಕಟ್ಟೋರ ಹತ್ರ ನಾಲ್ಕು ಚೀಲ ಎಂ ಸ್ಯಾಂಡ್ ತಗೊಂಡು ಹೋಗಿ, ಒಂದು ಮಡಿಗೆ ಸುರಿದು, ಒದ್ದೆ ಮಣ್ಣಲ್ಲೇ ಗುದ್ದಲಿ ಹಾಕಿ ಚೆನ್ನಾಗಿ ಕಲಸ್ದೆ. ಚಪಾತಿ ಹಿಟ್ಟು ಕಲಸಿದಂಗೆ ಬಂತು, ಖುಷಿ ಆಯ್ತು. ಒಂದು ವಾರ ಬಿಸಿಲು ಬಂತು ನೋಡಿ, ಆ ಮಡಿ ಸೆಟ್ ಆಗಿ ಕೂತಿತ್ತು, ಗುದ್ದಲಿ ಹಾಕಿದ್ರೆ ಕಿಡಿ ಹಾರೋದೊಂದು ಬಾಕಿ. ಜೇಡಿಯ ಕಣ ಅಂದ್ರೆ 0.002 ಮಿಲಿಮೀಟರಿಗಿಂತ ಸಣ್ಣದು, ನಾಲ್ಕು ಚೀಲ ಮರಳು ಹಾಕಿದ್ರೆ ಅವು ಮರಳಿನ ಸಂದಿಯಲ್ಲೆಲ್ಲ ನುಗ್ಗಿ ಗಾರೆ ಆಗ್ಬಿಡ್ತವೆ, ಮರಳಿಂದ ಉಪಯೋಗ ಆಗ್ಬೇಕು ಅಂದ್ರೆ ಇರೋ ಮಣ್ಣಿಗಿಂತ ಮರಳೇ ಜಾಸ್ತಿ ಆಗ್ಬೇಕು, ಅಂದ್ರೆ ಲಾರಿ ಲೆಕ್ಕ. ಅದರಲ್ಲೊಂದು ಗಟ್ಟಿನ ಮನೆಗೆ ತಂದಿದೀನಿ, ಬಾಲ್ಕನಿ ಬಾಗಿಲು ಗಾಳಿಗೆ ಹೊಡ್ಕೊಳ್ದಂಗೆ ಇಡೋಕೆ. ಆರು ತಿಂಗಳಾಯ್ತು, ಒಂದು ಚೂರೂ ಉದುರಿಲ್ಲ. ನಮ್ಮ ಬೀದಿ ರೋಡಿಗೆ ಈ ಕ್ವಾಲಿಟಿ ಹಾಕಿದ್ರೆ ಎಷ್ಟು ಚೆನ್ನಾಗಿರ್ತಿತ್ತು.

ಆಮೇಲೆ ಕೋಕೋಪೀಟ್. ಇದರ ಬಗ್ಗೆ ಮನೇಲಿ ಇವತ್ತಿಗೂ ಮಾತಾಡಂಗಿಲ್ಲ. ತೆಂಗಿನ ನಾರಿನ ಪುಡಿನ ಒತ್ತಿ ಇಟ್ಟಿಗೆ ಮಾಡಿರ್ತಾರಲ್ಲ, 5 ಕೆಜಿದು, ನೀರು ಕುಡಿದ್ರೆ ಸುಮಾರು 70 ಲೀಟರ್ ಆಗುತ್ತೆ. ನೀರು ಜಾಸ್ತಿ ಆಗಿ ಸಾಯ್ತಿರೋ ತೋಟಕ್ಕೆ ನೀರು ಹಿಡಿದಿಟ್ಕೊಳ್ಳೋ ವಸ್ತು ಯಾಕೆ ತಗೊಂಡೆ ಅಂತ ಕೇಳ್ಬೇಡಿ, ಅಂಗಡಿಯವನು "ಮಣ್ಣು ಹಗುರ ಆಗುತ್ತೆ" ಅಂದ, ನನಗೆ ಅಷ್ಟೇ ಕೇಳಿಸಿದ್ದು. ಎರಡು ಇಟ್ಟಿಗೆನ ಡಿಕ್ಕಿಯಲ್ಲಿ ಹಾಕಿ, ಪಕ್ಕದಲ್ಲಿ ಕೈ ತೊಳೆಯೋಕೆ ಅಂತ 20 ಲೀಟರ್ ಕ್ಯಾನ್ ನೀರು ಇಟ್ಟು, ದೊಮ್ಮಸಂದ್ರದ ಹತ್ರ ಒಂದು ಹಂಪ್ ಹಾರಿಸಿದ್ವಿ, ಕ್ಯಾನ್ ಮುಚ್ಚಳ ಎಲ್ಲೋ ಹೋಯ್ತು, ನಮಗೆ ಗೊತ್ತಾಗ್ಲಿಲ್ಲ. ತೋಟದ ಹತ್ರ ಡಿಕ್ಕಿ ತೆಗೆದ್ರೆ ಒಳಗೆ ಕೇಸರಿಬಾತ್ ಉಕ್ಕಿದಂಗೆ ಉಕ್ಕಿ ಕೂತಿದೆ. ಸ್ಟೆಪ್ನಿ ಕಾಣ್ತಿಲ್ಲ, ಜಾಕ್ ಕಾಣ್ತಿಲ್ಲ, ಯಜಮಾನ್ರ ಆಫೀಸ್ ಬ್ಯಾಗಿನ ಹಿಡಿ ಒಂದು ಮಾತ್ರ ಮೇಲೆ ಕಾಣ್ತಿದೆ. ಬೊಗಸೆ ಬೊಗಸೆ ತೆಗೆದ್ವಿ, ಮುಗೀಲೇ ಇಲ್ಲ. ಕಾರ್ ಸರ್ವೀಸಿಗೆ ಬಿಟ್ಟಾಗ ಅಲ್ಲಿಯ ಹುಡುಗ "ಸಾರ್, ಕಾಯಿ ವ್ಯಾಪಾರನಾ?" ಅಂತ ಕೇಳಿದ್ನಂತೆ.

ಇಷ್ಟಾದ್ಮೇಲೆ ಬುದ್ಧಿ ಬಂತು, ವೈಜ್ಞಾನಿಕವಾಗಿ ಹೋಗೋಣ ಅನ್ಕೊಂಡೆ. ಮಣ್ಣನ್ನ ಹಾರ್ಲಿಕ್ಸ್ ಬಾಟ್ಲಿಗೆ ಹಾಕಿ ನೀರು ತುಂಬಿ ಅಲ್ಲಾಡಿಸಿ ಇಟ್ರೆ ಮರಳು ಒಂದೆರಡು ನಿಮಿಷಕ್ಕೆ ತಳ ಸೇರುತ್ತೆ, ಜೇಡಿ ಕೂರೋಕೆ ಒಂದು ದಿನಾನೋ ಇನ್ನೂ ಜಾಸ್ತಿನೋ ಬೇಕು, ಪದರ ನೋಡಿ ಯಾವುದೆಷ್ಟಿದೆ ಅಂತ ಲೆಕ್ಕ ಹಾಕ್ಬಹುದು. ಅಡುಗೆಮನೆ ಕಟ್ಟೆ ಮೇಲಿಟ್ಟಿದ್ದೆ. ಬೆಳಿಗ್ಗೆ ಯಜಮಾನ್ರು ರಾಗಿ ಅಂಬಲಿ ತಳ ಹಿಡಿದಿದೆ ಅಂತ ಚೆನ್ನಾಗಿ ಅಲ್ಲಾಡಿಸಿ ಫ್ರಿಜ್ಜಲ್ಲಿಟ್ಟು ಆಫೀಸಿಗೆ ಹೋದ್ರು. ಕುಡೀಲಿಲ್ವಲ್ಲ, ಅದೇ ಪುಣ್ಯ. ಇನ್ನೊಂದು ಪರೀಕ್ಷೆ, ಒಂದಡಿ ಗುಂಡಿ ತೋಡಿ ನೀರು ತುಂಬಿ ಅದು ಇಂಗಿದ್ಮೇಲೆ ಮತ್ತೆ ತುಂಬಿ ಗಂಟೆಗೆ ಎಷ್ಟು ಇಳೀತು ಅಂತ ಅಳೆಯೋದು. ಒಂದು ಇಂಚಾದ್ರೂ ಇಳೀಬೇಕು. ಮೊದಲನೇ ಸಲದ ನೀರೇ ಇಂಗ್ಲಿಲ್ಲ. ಸ್ಕೇಲ್ ಹಿಡ್ಕೊಂಡು, ಫೋನಲ್ಲಿ ಟೈಮರ್ ಇಟ್ಕೊಂಡು, ಮೂರು ಗಂಟೆ ಗುಂಡಿ ಮುಂದೆ ಕೂತಿದ್ದೆ, ಕುಡ್ಕೊಂಡಿದ್ದು ಬರೀ ನಾನು, ಎರಡು ಫ್ಲಾಸ್ಕ್ ಕಾಫಿ. ಮುಂದಿನ ಭಾನುವಾರ ಹೋದ್ರೆ ಗುಂಡಿಯಲ್ಲಿ ನಾನು ಬಿಟ್ಟಿದ್ದಕ್ಕಿಂತ ಜಾಸ್ತಿ ನೀರು, ದಡದಲ್ಲಿ ಒಂದು ದಪ್ಪ ಕಪ್ಪೆ. ಮಗಳು ಅದಕ್ಕೆ ಇನ್ಸ್‌ಪೆಕ್ಟರ್ ಅಂತ ಹೆಸರಿಟ್ಲು.

ನೀರು ಇಂಗಲ್ಲ ಅಂದ್ರೆ ಹೊರಗೆ ಕಳಿಸ್ಬೇಕು. ಒಂದು ಕಾಲುವೆ ತೆಗೆದೆ. ಎರಡು ಭಾನುವಾರ ಬೆನ್ನು ಮುರ್ಕೊಂಡು ತೆಗೆದ ಕಾಲುವೆ, ನೀರು ಜುಳುಜುಳು ಅಂತ ಹರಿದು ಹೋಯ್ತು, ಸೀದಾ ಮೇಷ್ಟ್ರ ಮೂಲಂಗಿ ಮಡಿಗೆ. ಮರುದಿನ ಬೆಳಿಗ್ಗೆ ಆರೂವರೆಗೆ ಫೋನು. ಅವರು ಅದನ್ನ ಮಣ್ಣು ಹಾಕಿ ಮುಚ್ಚಿದ್ರು, ನಾನು ಬಿಡಿಸ್ದೆ, ಅವರು ಮತ್ತೆ ಮುಚ್ಚಿದ್ರು. ಕಾವೇರಿ ಟ್ರಿಬ್ಯೂನಲ್ 1990ರಲ್ಲಿ ಕೂತು 2007ಕ್ಕೆ ತೀರ್ಪು ಕೊಡ್ತು, ಅಲ್ಲಾದ್ರೂ ಎಲ್ಲರಿಗೂ ನೀರು ಬೇಕಿತ್ತು. ಇಲ್ಲಿ ಇಬ್ಬರಿಗೂ ಬೇಡ, ನಿಮ್ಮ ಪಾಲು ನೀವು ಇಟ್ಕೊಳ್ಳಿ ಅಂತ ಜಗಳ. ಇಂಥ ಕೇಸಿಗೆ ಯಾವ ಕೋರ್ಟ್ ಇದೆ ಹೇಳಿ.

ಅತ್ತೆ ಬಂದಿದ್ದು ದಸರಾ ಆದ್ಮೇಲೆ. ಮಂಡ್ಯದ ಕಡೆಯವರು, ವಿ.ಸಿ. ನಾಲೆ ನೀರಲ್ಲಿ ಗದ್ದೆ ಮಾಡಿದ ಮನೆ. ನನ್ನ ತೋಟದ ಕತೆನೆಲ್ಲ ಫೋನಲ್ಲಿ ಕೇಳಿ ಕೇಳಿ "ಬುಡವ್ವ, ದುಡ್ಡಿರೋರ ಆಟ" ಅಂತಿದ್ರು. ಕಾರಿಂದ ಇಳಿದ್ರು, ಏರಿ ನೋಡಿದ್ರು, ಏರಿ ಪಕ್ಕ ಎರಡು ಕಲ್ಲುಕಂಬ ನಿಂತಿವೆ ಅದನ್ನ ನೋಡಿದ್ರು, ಆ ಕಂಬದ ಫೋಟೋನ ನಾನು 'ಹಳೇ ಗುಡಿಯ ಅವಶೇಷ' ಅಂತ ಸ್ಟೇಟಸ್ ಹಾಕಿ 43 ಜನ ಕೈ ಮುಗಿದಿದ್ರು. ಅತ್ತೆ ಹೇಳಿದ್ರು, "ಅದು ತೂಬು ಕಣವ್ವ." ಕೆರೆ ನೀರು ಗದ್ದೆಗೆ ಬಿಡೋ ತೂಬು. ಆಮೇಲೆ ನನ್ನ ಕೈಯಿಂದ ಹಾರೆ ಇಸ್ಕೊಂಡು ಮಡಿಯಲ್ಲಿ ಒಂದು ಹಾಕು ಹಾಕಿದ್ರು, ಅರ್ಧ ಅಡಿ ಬೆಣ್ಣೆಗೆ ಹೋದಂಗೆ ಹೋಗಿ ಆಮೇಲೆ ಠಣ್ ಅಂತ ನಿಂತ್ಕೊಂಡ್ತು. ಇನ್ನೊಂದು ಕಡೆ ಹಾಕಿದ್ರು, ಅಲ್ಲೂ ಅರ್ಧ ಅಡಿಗೆ ಠಣ್.

"ಗದ್ದೆ ತಗಂಡು ತ್ವಾಟ ಅಂತೀಯಲ್ಲ. ನೀರು ನಿಲ್ಲಲಿ ಅಂತ್ಲೇ ವರ್ಸ ವರ್ಸ ಎತ್ತು ಕಟ್ಟಿ ತುಳ್ಸಿ ತುಳ್ಸಿ ಮಾಡಿರೋ ಭೂಮಿ ಇದು. ನೀ ಎಲ್ಡು ಭಾನ್ವಾರ ಬಂದು ಹೋಗು ಅಂದ್ರೆ ಹೋದದಾ?"

ನಾನು ಆ ಠಣ್ ಅಂದ ಜಾಗನೇ ನೋಡ್ತಾ ನಿಂತೆ. ಭತ್ತಕ್ಕೆ ನೀರು ನಿಲ್ಬೇಕು, ಅದಕ್ಕೆ ಕೆಸರು ಮಾಡಿ ಮಣ್ಣಿನ ಹೆಂಟೆನೆಲ್ಲ ಒಡೆದು ತುಳಿದ್ರೆ ಕೆಳಗೆ ಒಂದು ಗಟ್ಟಿ ಪದರ ಕಟ್ಕೊಳ್ಳುತ್ತೆ, ಅಲ್ಲಿಂದ ಕೆಳಗೆ ನೀರು ಇಳಿಯಲ್ಲ. ಯಾರ್ಯಾರೋ ಅಜ್ಜ ಮುತ್ತಜ್ಜಂದಿರು ಬೇಕು ಬೇಕು ಅಂತ ಕಟ್ಟಿದ ತೊಟ್ಟಿ ಮೇಲೆ ನಿಂತ್ಕೊಂಡು ನಾನು ನೀರ್ಯಾಕೆ ನಿಂತಿದೆ ಅಂತ ಅಳ್ತಿದ್ದೆ. ಈ ಊರೇ ಹಂಗಲ್ವಾ, ಧರ್ಮಾಂಬುಧಿ ಕೆರೆ ಮೇಲೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್, ಸಂಪಂಗಿ ಕೆರೆ ಮೇಲೆ ಕಂಠೀರವ ಸ್ಟೇಡಿಯಂ, ಮಳೆ ಬಂದ ದಿನ ಎಲ್ಲರೂ ಎಲ್ಲಿಂದ ಬಂತಪ್ಪಾ ನೀರು ಅಂತ ಕೇಳ್ತೀವಿ. ಅಲ್ಲಾ, ನನ್ನ ಟೊಮೇಟೊ ವಿಷಯಕ್ಕೆ ಬರ್ತೀನಿ.

ಅತ್ತೆ ಮೊದಲು ಮಾಡಿದ್ದು ನನ್ನನ್ನ ಮಡಿಯಿಂದ ಇಳಿಸಿದ್ದು. ಒದ್ದೆ ಜೇಡಿ ಮೇಲೆ ಓಡಾಡಿದ್ರೆ, ಅಗೆದ್ರೆ, ಇನ್ನೂ ಗಟ್ಟಿ ಆಗುತ್ತೆ, ಅಂದ್ರೆ ಎರಡು ತಿಂಗಳಿಂದ ನಾನು ಗಂಬೂಟ್ ಹಾಕ್ಕೊಂಡು ಎತ್ತಿನ ಕೆಲಸನೇ ಮುಂದುವರಿಸಿದ್ದೆ. ಒಂದು ಹಿಡಿ ಮಣ್ಣು ಉಂಡೆ ಕಟ್ಟಿ ಬೆರಳಲ್ಲಿ ತಟ್ಟಿದ್ರೆ ಪುಡಿ ಆಗ್ಬೇಕು, ಅಲ್ಲೀತನಕ ಗುದ್ದಲಿ ಮುಟ್ಟಂಗಿಲ್ಲ ಅಂತ ಆರ್ಡರ್. ಪುಡಿ ಆಗೋಕೆ ಹತ್ತು ದಿನ ಬೇಕಾಯ್ತು. ಆಮೇಲೆ ಓಡಾಡೋ ದಾರಿನ ಅಗೆದು ಆ ಮಣ್ಣನ್ನ ಮೇಲೆ ಹಾಕಿ ಒಂದಡಿ ಎತ್ತರಕ್ಕೆ ಏರುಮಡಿ ಮಾಡಿದ್ವಿ, ಮೂರೂವರೆ ಅಡಿ ಅಗಲ, ಎರಡೂ ಕಡೆಯಿಂದ ಕೈ ಸಿಗೋ ಹಂಗೆ, ಕಾಲಿಡೋ ಪ್ರಮೇಯನೇ ಬರ್ಬಾರ್ದು. ಬೇರಿಗೆ ಮೇಲೆ ಒಂದಡಿ ಸಿಕ್ತು, ನೀರಿಗೆ ಕೆಳಗೆ ದಾರಿ ಸಿಕ್ತು, ಆ ದಾರಿನ ಈ ಸಲ ಮೇಷ್ಟ್ರ ಕಡೆ ಅಲ್ಲದೆ ತೋಟದ ಅಂಚಿನ ದೊಡ್ಡ ಕಾಲುವೆಗೆ ಬಿಟ್ವಿ. ಕೊಟ್ಟಿಗೆ ಗೊಬ್ಬರ, ಜೊತೆಗೆ ನಮ್ಮ ರಸ್ತೆಯಲ್ಲಿ ಗುಡಿಸಿ ಗುಡ್ಡೆ ಹಾಕಿರ್ತಾರಲ್ಲ ಹೊಂಗೆ ಎಲೆ, ಮಳೆಮರದ ಎಲೆ, ಅದನ್ನ ಬೆಳಿಗ್ಗೆ ಬೆಳಿಗ್ಗೆ ಚೀಲಕ್ಕೆ ತುಂಬ್ಕೊಂಡು ಬರ್ತಿದ್ದೆ, ಕೆಳಗಿನ ಮನೆಯವರು ಪಾಪ ಇವರಿಗೇನೋ ಕಷ್ಟ ಅಂತ ಹಳೇ ಪೇಪರ್ರೂ ಕೊಡೋಕೆ ಶುರು ಮಾಡಿದ್ರು. ಇಸ್ಕೊಂಡೆ. ಎಲೆ ಗೊಬ್ಬರ ಸೇರ್ತಾ ಹೋದ್ರೆ ಜೇಡಿ ಕಣಗಳು ಅಂಟ್ಕೊಂಡು ಸಣ್ಣ ಸಣ್ಣ ಹರಳು ಕಟ್ತವೆ, ಮಧ್ಯ ಗಾಳಿ ಆಡುತ್ತೆ. ಒಂದು ವಾರದ ಕೆಲಸ ಅಲ್ಲ, ವರ್ಷಗಟ್ಲೆ ಹಾಕ್ತಾ ಇರ್ಬೇಕು. ಖಾಲಿ ಬಿಟ್ಟ ಅರ್ಧ ಜಾಗಕ್ಕೆ ಡಯಾಂಚ ಅನ್ನೋ ಹಸಿರೆಲೆ ಗೊಬ್ಬರದ ಗಿಡದ ಬೀಜ ಚೆಲ್ಲಿದೀವಿ, ಅದು ನೀರು ನಿಂತ್ರೂ ಬೆಳೆಯುತ್ತೆ, ಹೂ ಬರೋ ಹೊತ್ತಿಗೆ ಮಣ್ಣಿಗೆ ಸೇರಿಸ್ಬೇಕು.

ತಗ್ಗಿನ ಮೂಲೆ, ಇನ್ಸ್‌ಪೆಕ್ಟರ್ ಇರೋ ಗುಂಡಿ ಹತ್ರ, ಅತ್ತೆ ಕೆಸುವಿನ ಗಡ್ಡೆ ಊರಿದ್ರು, ಒಂದೆಲಗ ಹಬ್ಬಿಸಿದ್ರು. ಊರ್ತಾ ಊರ್ತಾ ಬದುವಿನ ಕಡೆ ನೋಡಿ "ಇದ್ಯಾರು ಕಿತ್ತಾಕಿರೋದು" ಅಂದ್ರು. ನಾನೇ, ಕಳೆ, ಪ್ರತಿ ವಾರ ಕೀಳ್ತೀನಿ, ಮತ್ತೆ ಬರುತ್ತೆ ದರಿದ್ರದ್ದು ಅಂದೆ. ಅತ್ತೆ ಸೆರಗು ಸಿಕ್ಕಿಸ್ಕೊಂಡು ಕೂತು ಅದರ ತುದಿನೆಲ್ಲ ಮುರಿದು ಮಡಿಲು ತುಂಬಿಸ್ಕೊಂಡ್ರು. ಹೊನಗೊನೆ ಸೊಪ್ಪು! ಗಾಂಧಿಬಜಾರಲ್ಲಿ ಕಟ್ಟಿಗೆ ದುಡ್ಡು ಕೊಟ್ಟು ತರ್ತಿದ್ದ ಸೊಪ್ಪು. ನೀರಿರೋ ಕಡೆನೇ ಅದಕ್ಕೆ ಪ್ರಾಣ. ಎರಡು ತಿಂಗಳಿಂದ ನನ್ನ ತೋಟದಲ್ಲಿ ಭರ್ಜರಿಯಾಗಿ ಬಂದಿದ್ದ ಒಂದೇ ಒಂದು ಬೆಳೆನ ನಾನೇ ಕಿತ್ತು ಕಿತ್ತು ಮೇಷ್ಟ್ರ ಕಾಂಪೋಸ್ಟ್ ಗುಂಡಿಗೆ ಹಾಕ್ತಿದ್ದೆ. ಮೇಷ್ಟ್ರು ಅದಕ್ಕೆ ಯಾವತ್ತೂ ಬೇಡ ಅಂದಿರ್ಲಿಲ್ಲ, ಈಗ ಯಾಕೆ ಅಂತ ಅರ್ಥ ಆಯ್ತು.

ರಾತ್ರಿ ಬಸ್ಸಾರು, ಮುದ್ದೆ. ಎರಡನೇ ಮುದ್ದೆ ಮುರಿಯೋ ಹೊತ್ತಿಗೆ ಹೊರಗೆ ಚಿತ್ತೆ ಮಳೆ ಶುರುವಾಯ್ತು, ಧೋ ಅಂತ. ಒಂಬತ್ತೂವರೆಗೆ ಮೇಷ್ಟ್ರ ಫೋನು, ಅವರಿನ್ನೂ ತೋಟದಲ್ಲೇ ಇದ್ರಂತೆ.

"ಮೇಡಂ, ನಿಮ್ಮ ನೀರು ಈ ಸಲ ನಮ್ಮ ಕಡೆ ಬಂದಿಲ್ಲ, ಥ್ಯಾಂಕ್ಸ್. ಆದ್ರೆ ನಿಮ್ಮ ಇನ್ಸ್‌ಪೆಕ್ಟರ್ ಬಂದಿದಾರೆ. ಜೊತೆಗೆ ಇನ್ನೂ ಒಂದು ಮೂವತ್ತು ಜನ ಸ್ಟಾಫು."